ಅಂಚಿನಲ್ಲಿಟ್ಟ ಚುಕ್ಕೆಗಳು

ಸ್ಕೋರರ್ ತರಬೇತಿಗೆ ಬರುವ ಹುಡುಗಿಯರು ಮೊದಲ ದಿನವೇ ಕೇಳುವ ಪ್ರಶ್ನೆ ಒಂದುಂಟು: “ಮಿಸ್, ತಪ್ಪಾದರೆ ಎಂತ ಮಾಡುದು?” ಈಗ ಅವರ ಕೈಯಲ್ಲಿ ಟ್ಯಾಬ್ ಇರುತ್ತದೆ. ಹಿಂದಕ್ಕೆ ತಿರುಗಿದ ಬಾಣವೊಂದನ್ನು ಒತ್ತಿದರೆ ಸಾಕು, ತಪ್ಪು ಆಗಿಯೇ ಇರಲಿಲ್ಲ ಎನ್ನುವಂತೆ ಮಾಯವಾಗುತ್ತದೆ. ನಾನು ಕಲಿತದ್ದು ಪೆನ್ಸಿಲ್ ಮತ್ತು ಪುಸ್ತಕದಲ್ಲಿ. ಮಂಗಳೂರಿನ ಶಾಲೆಗಳ ಸಾಫ್ಟ್‌ಬಾಲ್ ಪಂದ್ಯಗಳಿಗೆ ಮೂವತ್ತು ವರ್ಷ ಮೇಜಿನ ಹಿಂದೆ ಕೂತೆ. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬಿಟ್ಟೆ. ಮನೆ ನೋಡಿಕೊಂಡಿದ್ದ ಹೆಂಗಸು ನಾನು. ಹೊರಗೆ ಮಾಡಿದ ಕೆಲಸ ಅಂತ ಇದ್ದರೆ ಇದೊಂದೇ. ಆ ಹುಡುಗಿಯರ ಪ್ರಶ್ನೆಗೆ ತರಗತಿಯಲ್ಲಿ ಸರಿಯಾದ ಉತ್ತರ ಕೊಡಲು ನನಗೆ ಯಾವತ್ತೂ ಆಗಲಿಲ್ಲ. ಉತ್ತರ ಉದ್ದ, ಮತ್ತು ಅದು ಕುವೈತಿನಲ್ಲಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಗ ನಾವು ಕುವೈತಿನ ಬ್ನೇದ್ ಅಲ್ ಗಾರ್ ಬಡಾವಣೆಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿದ್ದೆವು. ನಮ್ಮವರು, ರೋನಿ, ಒಂದು ಕನ್‌ಸ್ಟ್ರಕ್ಷನ್ ಕಂಪೆನಿಯ ಆಫೀಸಿನಲ್ಲಿ. ಅದೇ ಕಂಪೆನಿಯ ಪರ್ಸೊನೆಲ್ ವಿಭಾಗದಲ್ಲಿದ್ದವರು ಸದಾನಂದ ಶೆಟ್ರು. ಊರಿನಲ್ಲಿ ಕಬಡ್ಡಿ ಆಡಿದವರು, ತುಳುವರು, ಗಟ್ಟಿ ಧ್ವನಿ. ಕಂಪೆನಿಗೊಂದು ಬೇಸ್‌ಬಾಲ್ ತಂಡವಿತ್ತು. ಆಡುವವರು ಹೆಚ್ಚಿನಂಶ ಫಿಲಿಪಿನೋ ಕೆಲಸಗಾರರು. ಶೆಟ್ರು ಅದರ ಮ್ಯಾನೇಜರ್. ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ಒಂದು ದಿನ ಮನೆಗೆ ಬಂದು ಚಹಾ ಕುಡಿಯುತ್ತಾ ನಾನು ಊರಿಗೆ ಬರೆಯುತ್ತಿದ್ದ ಕಾಗದ ನೋಡಿದರು.

“ಬಾಯಮ್ಮ, ಇದು ನಿಮ್ಮ ಅಕ್ಷರವಾ? ಪ್ರಿಂಟ್ ಮಾಡಿದ ಹಾಗೆ ಉಂಟಲ್ಲ! ಶುಕ್ರವಾರ ಮಧ್ಯಾಹ್ನ ನಿಮಗೆ ಎಂತ ಕೆಲಸ?”

“ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಅಡುಗೆ.”

“ಅಡುಗೆ ನಿಮ್ಮ ರೋನಿ ಪೊರ್ಬುಗಳು ಮಾಡ್ಲಿ ಒಂದು ದಿನ. ನಮ್ಗೆ ಸ್ಕೋರ್ ಬರೀಲಿಕ್ಕೆ ಜನ ಬೇಕು.”

ಕಾನ್ವೆಂಟಿನಲ್ಲಿ ನಾನು ರೌಂಡರ್ಸ್ ಆಡಿದ್ದೆ. ಓಡುವುದಕ್ಕಿಂತ ಸಿಸ್ಟರ್ ಪಕ್ಕದಲ್ಲಿ ಕೂತು ರಿಜಿಸ್ಟರ್ ಬರೆದದ್ದೇ ಜಾಸ್ತಿ. ಹಾಗೆ ಶುರುವಾಯಿತು. ಲೀಗಿನಲ್ಲಿ ನಾಲ್ಕು ತಂಡ, ಮೈದಾನ ಒಂದೇ, ನಮ್ಮ ಕಂಪೆನಿಯದು. ಬರೆಯುವವರು ಬೇರೆ ಯಾರೂ ಇಲ್ಲದ್ದರಿಂದ ಎಲ್ಲ ಪಂದ್ಯಗಳಿಗೂ ನಾನೇ ಸ್ಕೋರರ್ ಆದೆ.

ಮೊದಲ ಶುಕ್ರವಾರವೇ ಬೈಗುಳ ತಿಂದೆ. ಏನೋ ತಪ್ಪಾಯಿತೆಂದು ರಬ್ಬರ್ ತೆಗೆದು ಉಜ್ಜಿದೆ. ಅಂಪೈರ್ ಆಗಿದ್ದ ಅಮೇರಿಕನ್ ಮುದುಕ ಪಂದ್ಯ ನಿಲ್ಲಿಸಿ ಮೇಜಿನ ಹತ್ತಿರ ಬಂದ, ನನ್ನ ಕೈಯಿಂದ ರಬ್ಬರ್ ತೆಗೆದುಕೊಂಡು ಜೇಬಿಗೆ ಹಾಕಿಕೊಂಡ. “ಮೇಡಂ, ತಪ್ಪಾದರೆ ಒಂದು ಗೆರೆ ಎಳೆ. ಕೆಳಗಿದ್ದದ್ದು ಓದಲಿಕ್ಕೆ ಸಿಗಬೇಕು. ಪಕ್ಕದಲ್ಲಿ ಸರಿಯಾದದ್ದು ಬರೆ. ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಸಹಿ ಹಾಕುತ್ತಾರೆ. ಇದು ನಿನ್ನ ಪುಸ್ತಕ ಅಲ್ಲ, ಅವರಿಬ್ಬರದು.” ಆ ರಬ್ಬರ್ ನನಗೆ ಮತ್ತೆ ಸಿಗಲಿಲ್ಲ.

ಈ ಕೆಲಸದಲ್ಲಿ ಜಗಳ ಬರುವುದು ಮುಖ್ಯವಾಗಿ ಒಂದೇ ಕಡೆ. ಬ್ಯಾಟರ್ ಹೊಡೆದು ಓಡಿ, ಔಟಾಗದೆ ಮೂಲೆಯ ಬೇಸ್ ಮುಟ್ಟಿ ಉಳಿದುಕೊಂಡ ಅಂತಿಟ್ಟುಕೊಳ್ಳಿ. ಅದು ಅವನ ಹೊಡೆತದ ಜಾಣತನವೋ, ಚೆಂಡು ಹಿಡಿಯಬೇಕಾದವನ ತಪ್ಪೋ? ಜಾಣತನವಾದರೆ ‘ಹಿಟ್’. ತಪ್ಪಾದರೆ ‘ಎರರ್’, ಅದರಿಂದ ಬಂದ ರನ್ ಚೆಂಡೆಸೆದ ಪಿಚರ್‌ನ ತಲೆಗೆ ಬರುವುದಿಲ್ಲ. ಇದನ್ನು ತೀರ್ಮಾನಿಸುವುದು ಅಂಪೈರ್ ಅಲ್ಲ, ಸ್ಕೋರರ್. ಆದ್ದರಿಂದ ಕಣ್ಣು ಮೈದಾನದಿಂದ ಕದಲಬಾರದು. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಕದಲದ ಕಣ್ಣಿಗೆ ಬೇಡದ್ದೂ ಕಾಣುತ್ತದೆ. ಪಿಚರ್‌ಗಳು ಜೋರಾಗಿ ಎಸೆಯುವಂತೆ ಕೈ ಬೀಸಿ ಮೆಲ್ಲನೆ ಚೆಂಡು ಬಿಡುತ್ತಾರೆ. ಬ್ಯಾಟರ್ ಮೋಸಹೋಗುವುದು ಅಲ್ಲೇ. ಒಬ್ಬ ಪಿಚರ್ ಮೆಲ್ಲನೆ ಚೆಂಡಿಗೆ ಮೊದಲು ನಾಲಿಗೆಯನ್ನು ಕೆನ್ನೆಗೆ ಒತ್ತುತ್ತಿದ್ದ. ಇನ್ನೊಬ್ಬನ ಮೊಣಕೈ ಹೊಟ್ಟೆಗೆ ತಾಗುತ್ತಿತ್ತು. ಜಹ್ರಾ ಎಂಬ ಊರಿನ ಒಂದು ಗ್ಯಾರೇಜಿನ ತಂಡದ ಪಿಚರ್ ನೆಸ್ಟರ್ ಹೆಬ್ಬೆರಳನ್ನು ಪ್ಯಾಂಟಿಗೆ ಎರಡು ಸಲ ಒರೆಸುತ್ತಿದ್ದ. ಎರಡು ಸಲ ಒರೆಸಿದರೆ ಮೆಲ್ಲನೆ ಚೆಂಡು, ಒರೆಸದಿದ್ದರೆ ವೇಗದ್ದು. ಇಂಥದ್ದನ್ನೆಲ್ಲ ನಾನು ಪುಟದ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದೆ. ಯಾಕೆ ಎಂದು ಕೇಳಿದರೆ ಕಾರಣವಿಲ್ಲ. ಸಾರಿಗೆ ಹುಳಿ ಹೆಚ್ಚಾಯಿತೆಂದು ಅಡುಗೆ ಪುಸ್ತಕದ ಅಂಚಿನಲ್ಲಿ ಬರೆದಿಡುವುದಿಲ್ಲವೇ, ಹಾಗೆ.

ಆ ಮೊದಲ ವರ್ಷ ನಮ್ಮ ತಂಡ ಗೆದ್ದದ್ದು ಎರಡೇ ಪಂದ್ಯ. ಸೆಕೆಗಾಲ ಬಂದಾಗ ಶೆಟ್ರು “ಪುಸ್ತಕ ಆಫೀಸಿನಲ್ಲಿ ಇರ್ಲಿ ಬಾಯಮ್ಮ” ಎಂದು ಒಯ್ದರು. ತೊಂಬತ್ತರ ಫೆಬ್ರವರಿಯಲ್ಲಿ ಹೊಸ ಋತು ಶುರುವಾಯಿತು, ಅದೇ ಪುಸ್ತಕ ಮುಂದುವರಿಯಿತು. ನಾವು ಮೊದಲ ಪಂದ್ಯ ಗೆದ್ದೆವು. ಎರಡನೆಯದರಲ್ಲಿ ಜಹ್ರಾದವರನ್ನು ಚಚ್ಚಿಬಿಟ್ಟೆವು. ನೆಸ್ಟರ್ ಕೊಟ್ಟದ್ದು ಹನ್ನೊಂದು ರನ್. ಮೂರು, ನಾಲ್ಕು, ಐದು, ಆರು, ಎಲ್ಲ ಗೆಲುವೇ. ಜನ ಕಾರಣ ಹುಡುಕಿದರು. ಶೆಟ್ರು ಮೊದಲ ದಿನ ಒಡೆದ ತೆಂಗಿನಕಾಯಿ ಎಂದರು ಕೆಲವರು. ನೀರಿಗೆ ಲಿಂಬೆ, ಉಪ್ಪು ಹಾಕಲು ಶುರುಮಾಡಿದ್ದು ಎಂದರು ಇನ್ನು ಕೆಲವರು. ಹೊಸ ಬ್ಯಾಟು ಎಂದವರೂ ಇದ್ದರು. ಬ್ಯಾಟು ಹಳೆಯದೇ, ಹಿಡಿಗೆ ಹೊಸ ಟೇಪ್ ಸುತ್ತಿದ್ದರು ಅಷ್ಟೇ.

ನೆಸ್ಟರ್‌ನ ಹೆಂಡತಿ ಲೋರ್ನಾ ಜಹ್ರಾದ ಕ್ಲಿನಿಕ್ಕಿನಲ್ಲಿ ಆಯಾ. ಪ್ರತಿ ಶುಕ್ರವಾರ ಬಂದು ನನ್ನ ಮೇಜಿನ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕ್ರೋಶಾ ಹೆಣೆಯುತ್ತಿದ್ದಳು. ನಾವು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ಆರನೇ ಶುಕ್ರವಾರ ಅವಳ ಕೈಯಲ್ಲಿ ನೂಲು ಇತ್ತು, ಸೂಜಿ ಮಾತ್ರ ಆಡುತ್ತಿರಲಿಲ್ಲ.

“ಮ್ಯಾಮ್, ಮುಂದಿನ ವಾರ ನಿಮ್ಮವರ ಜೊತೆ ನಮ್ಮ ಪಂದ್ಯ.”

“ಹೌದು. ಹುಷಾರಿಲ್ಲವಾ?”

“ನೆಸ್ಟರ್‌ಗೆ ಇಲ್ಲಿ ಇರಲಿಕ್ಕೆ ಕೊಟ್ಟ ಇಕಾಮಾ ಈ ತಿಂಗಳಿಗೆ ಮುಗಿಯುತ್ತದೆ. ಅದಕ್ಕೆ ಸಹಿ ಹಾಕುವ ಕಫೀಲ್, ಗ್ಯಾರೇಜಿನ ಧಣಿ, ಅವನಿಗೆ ಆಟದ ಹುಚ್ಚು. ನೆಸ್ಟರ್‌ನನ್ನು ಇಟ್ಟುಕೊಂಡದ್ದೇ ಚೆಂಡು ಎಸೆಯಲಿಕ್ಕೆ. ನಿಮ್ಮ ತಂಡದ ಎದುರು ಇನ್ನೊಂದು ಸಲ ಮುಖಭಂಗ ಮಾಡಿದರೆ ಸಹಿ ಹಾಕುವುದಿಲ್ಲ, ಖಲಾಸ್, ಅಂದಿದ್ದಾನೆ.”

“ಆಟಕ್ಕೆ ಹಾಗೆಲ್ಲ ಮಾಡುತ್ತಾರಾ?”

“ನೆಸ್ಟರ್ ಊರಿಗೆ ಹೋಗಬೇಕಾಗುತ್ತದೆ, ನನ್ನನ್ನು ಕ್ಲಿನಿಕ್ಕಿನವರು ಬಿಡುವುದಿಲ್ಲ. ಮದುವೆಯಾಗಿ ಏಳು ವರ್ಷ. ಒಟ್ಟಿಗೆ ಇದ್ದದ್ದು ಈ ಎರಡು ವರ್ಷ ಮಾತ್ರ.” ಅವಳು ಸೂಜಿ ಎತ್ತಿಕೊಂಡಳು. “ಹೋದ ವರ್ಷ ನಿಮ್ಮವರಿಗೆ ಅವನ ಮೆಲ್ಲನೆ ಚೆಂಡು ತಾಗುತ್ತಲೇ ಇರಲಿಲ್ಲ. ಈಗ ಮೊದಲೇ ಗೊತ್ತಿರುವ ಹಾಗೆ ಕಾದು ಹೊಡೆಯುತ್ತಾರೆ.”

ಆಗಲೂ ನನಗೆ ಹೊಳೆಯಲಿಲ್ಲ. ಪಾಪ ಅನಿಸಿತು, ಅಷ್ಟೇ.

ಸೋಮವಾರ ಶೆಟ್ರು ಪುಸ್ತಕ ತಂದು ಮೇಜಿನ ಮೇಲಿಟ್ಟರು. “ಬಾಯಮ್ಮ, ನಿಮ್ಮ ಇಂಗ್ಲಿಷಿನಲ್ಲಿ ಒಂದು ಪುಟ ಬರ್ದು ಕೊಡಿ. ಜನರಲ್ ಮ್ಯಾನೇಜರ್ ಕೇಳ್ತಿದ್ದಾರೆ, ಈ ವರ್ಷ ನಮ್ಮ ಶುರು ಇಷ್ಟು ಒಳ್ಳೇದು ಹೇಗಾಯ್ತು ಅಂತ. ಒಳ್ಳೆ ಕಾರಣ ಬೇಕು, ಆಯ್ತಾ? ಇಲ್ಲದಿದ್ರೆ ಮೈದಾನಕ್ಕೆ ಕ್ರೇನ್ ತಂದು ನಿಲ್ಲಿಸ್ತಾರಂತೆ. ಆಮೇಲೆ ನಾನು ಮರಳುಗಾಡಿನ ಸೈಟಿಗೆ, ನೀವು ಅಡುಗೆಮನೆಗೆ.”

ಮರುದಿನ ಅನ್ನಕ್ಕೆ ನೀರಿಟ್ಟು ಕೂತೆ. ಕಾರಣ ಬರೆಯಬೇಕಾದರೆ ಪುಸ್ತಕ ನೋಡಬೇಕು. ಹೋದ ವರ್ಷದ ಪುಟಗಳನ್ನೂ ಈ ವರ್ಷದ್ದನ್ನೂ ಎದುರುಬದುರು ಇಟ್ಟು ಎಣಿಸಿದೆ. ಹೋದ ವರ್ಷ ನಮ್ಮವರು ಔಟಾದದ್ದು ಹೆಚ್ಚಾಗಿ ಮೆಲ್ಲನೆ ಚೆಂಡಿಗೆ. ಈ ವರ್ಷ ಅದೇ ಪಿಚರ್‌ಗಳ ಅದೇ ಚೆಂಡಿಗೆ ಹಿಟ್, ಹಿಟ್, ಹಿಟ್. ನಾನು ಚುಕ್ಕೆ ಇಡದ ಒಬ್ಬ ಪಿಚರ್ ಇದ್ದ, ನಾಲ್ಕನೇ ಪಂದ್ಯದಲ್ಲಿ ಎರಡು ಇನ್ನಿಂಗ್ಸ್ ಎಸೆದವನು. ಅವನೆದುರು ಮಾತ್ರ ನಮ್ಮವರು ಹೋದ ವರ್ಷದ ಹಾಗೆಯೇ ಗಾಳಿಗೆ ಬೀಸಿದ್ದರು. ಪುಟದ ಅಂಚನ್ನು ಬೆಳಕಿಗೆ ಹಿಡಿದೆ. ನನ್ನ ಪ್ರತಿ ಚುಕ್ಕೆಯ ಪಕ್ಕದಲ್ಲಿ ನೀಲಿ ಪೆನ್ನಿನ ಸಣ್ಣ ಟಿಕ್ ಇತ್ತು. ಈ ಪುಸ್ತಕಕ್ಕೆ ನಾನು ಪೆನ್ನು ಮುಟ್ಟಿಸಿದವಳಲ್ಲ; ಪಂದ್ಯವಿಲ್ಲದ ದಿನ ಅದು ಇರುತ್ತಿದ್ದದ್ದು ಶೆಟ್ರ ಆಫೀಸಿನಲ್ಲಿ. ಒಲೆಯ ಮೇಲೆ ಅನ್ನ ತಳ ಹಿಡಿದ ವಾಸನೆ ಬರುವವರೆಗೂ ಕೂತೇ ಇದ್ದೆ.

ತಂಡ ಗೆದ್ದ ಕಾರಣ ತೆಂಗಿನಕಾಯಿಯಲ್ಲ, ಲಿಂಬೆಯಲ್ಲ. ನಾನು.

ಸಂಜೆ ಶೆಟ್ರು ಮೆಟ್ಟಿಲಲ್ಲಿ ಸಿಕ್ಕರು. ಕೇಳಿಯೇಬಿಟ್ಟೆ.

“ಕಳ್ಳತನ ಎಂತದು ಬಾಯಮ್ಮ?” ಅವರು ನಕ್ಕರು. “ನೀವು ಕಣ್ಣಲ್ಲಿ ನೋಡಿದ್ರಿ, ಕೈಯಲ್ಲಿ ಬರ್ದ್ರಿ. ನಾನು ಓದಿ ಹುಡುಗ್ರಿಗೆ ಹೇಳಿದೆ. ಓದ್ಲಿಕ್ಕೆ ಅಲ್ವಾ ಪುಸ್ತಕ ಇರುದು?”

“ಅದು ಎರಡೂ ಟೀಮಿನ ಪುಸ್ತಕ ಶೆಟ್ರೇ.”

“ಅವ್ರು ಕೇಳ್ಲಿಲ್ಲ. ನಾನು ಕೇಳಿದೆ.”

“ಮೈದಾನದ ಬದಿಯಲ್ಲಿ ನಿಂತು ನಿಮ್ಮ ಹುಡುಗರು ನೋಡಿ ಹಿಡಿದಿದ್ದರೆ ಅದು ಆಟ. ನಾನು ಕೂರುವ ಕುರ್ಚಿ ಯಾರ ಕಡೆಯದ್ದೂ ಅಲ್ಲ.”

“ಕುರ್ಚಿ ಕಂಪೆನಿಯದ್ದು ಮಾರಾಯ್ರೆ!” ಎಂದು ಹೇಳಿ ಅವರು ಇಳಿದು ಹೋದರು.

ಮನೆಯಲ್ಲಿ ರೋನಿಗೆ ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. “ಲಿಲ್ಲಿ, ನನ್ನ ರಜೆ ಪಾಸಾಗುವುದು ಶೆಟ್ರ ಮೇಜಿನ ಮೇಲೆ. ಗೊತ್ತುಂಟಲ್ಲ?”

“ಗೊತ್ತುಂಟು.”

“ಆ ಹುಡುಗನ ಇಕಾಮಾ ನಿನ್ನಿಂದ ಹೋಗುವುದಲ್ಲ, ಅವನ ಕಫೀಲ್‌ನಿಂದ.”

“ಕಫೀಲ್‌ನ ಕೈಗೆ ಕಾರಣ ಕೊಟ್ಟದ್ದು ನಾನು ರೋನಿ.”

ಶುಕ್ರವಾರ ಬೆಳಿಗ್ಗೆ ಪೂಜೆ ಮುಗಿಸಿ ಬಂದ ಮೇಲೆ ರೋನಿಯೇ ನನ್ನ ಎರಡು ಪೆನ್ಸಿಲ್‌ಗಳನ್ನು ಚೂಪು ಮಾಡಿ ಕೊಟ್ಟರು. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಏಪ್ರಿಲ್ ಬಿಸಿಲು. ಗಾಳಿಗೆ ಧೂಳು ಎದ್ದು ಮೂಲೆಯ ಬಿಳಿ ಗೆರೆ ಆಗಲೇ ಅಳಿಸಿತ್ತು. ಬೇಲಿಯಾಚೆ ಬಿಳಿ ಕಾರಿನಲ್ಲಿ ಜಹ್ರಾದ ಕಫೀಲ್ ಕೂತಿದ್ದ. ಗಾಜು ಅರ್ಧ ಇಳಿಸಿ, ಜಪಮಾಲೆ ಎಣಿಸುತ್ತಾ. ಪಂದ್ಯಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ನಾನು ಅಂಪೈರ್, ಶೆಟ್ರು, ಮತ್ತು ಜಹ್ರಾ ತಂಡದ ಕ್ಯಾಪ್ಟನ್ನೂ ಆಗಿದ್ದ ನೆಸ್ಟರ್, ಮೂವರನ್ನೂ ಮೇಜಿನ ಹತ್ತಿರ ಕರೆದೆ. ಶಾಲೆಯಲ್ಲಿ ತಪ್ಪು ಒಪ್ಪಿಕೊಳ್ಳುವಾಗ ಕೈ ಹಿಂದೆ ಕಟ್ಟಿ ನಿಲ್ಲುವ ಅಭ್ಯಾಸ, ಹಾಗೇ ನಿಂತೆ.

“ಈ ಪುಸ್ತಕದ ಅಂಚಿನಲ್ಲಿ ನಾನು ಬರೆದ ಗುರುತುಗಳು ಒಂದೇ ತಂಡದ ಕೈಗೆ ಹೋಗಿವೆ. ತಪ್ಪು ನನ್ನದು. ಈಗ ಇಬ್ಬರೂ ಓದಿ” ಎಂದು ಪುಟ ತಿರುಗಿಸಿ ಇಟ್ಟೆ.

ನೆಸ್ಟರ್ ಓದಿದ. ತನ್ನ ಹೆಬ್ಬೆರಳನ್ನು ನೋಡಿಕೊಂಡ, ಯಾರದೋ ಬೆರಳನ್ನು ನೋಡುವ ಹಾಗೆ. ಶೆಟ್ರ ಕಿವಿ ಕೆಂಪಾಯಿತು. ಅಂಪೈರ್ ಮಾತ್ರ ಪೆನ್ಸಿಲ್ ನನ್ನ ಕೈಗೆ ತಳ್ಳಿ, “ಅವರು ಗೆದ್ದ ಆರೂ ಪಂದ್ಯಗಳ ಪುಟದ ಕೆಳಗೆ ಅದನ್ನೇ ಬರೆ” ಎಂದ. ಬರೆದೆ. ಮೂವರೂ ನೋಡುತ್ತಿರುವಾಗ, ಆರು ಸಲ.

“ಬಾಯಮ್ಮ,” ಶೆಟ್ರು ಕನ್ನಡದಲ್ಲಿ, ಹಲ್ಲು ಕಚ್ಚಿ ಹೇಳಿದರು, “ನಿಮ್ಮ ಕಾನ್ವೆಂಟಿನಲ್ಲಿ ಉಪ್ಪಿನ ಋಣ ಅಂತ ಒಂದು ಪಾಠ ಇರ್ಲಿಲ್ವಾ?”

ಪಂದ್ಯ ಶುರುವಾಯಿತು. ನೆಸ್ಟರ್ ಮೊದಲ ಚೆಂಡಿಗೆ ಹೆಬ್ಬೆರಳು ಎರಡು ಸಲ ಒರೆಸಿ ವೇಗದ ಚೆಂಡು ಬಿಟ್ಟ. ಎರಡನೆಯದಕ್ಕೂ ಒರೆಸಿದ, ಮೆಲ್ಲನೆ ಬಿಟ್ಟ. ಪ್ರತಿ ಚೆಂಡಿಗೂ ಒರೆಸಿದ. ನಮ್ಮ ಬ್ಯಾಟರ್‌ಗಳು ಅವನ ಕೈಯನ್ನೇ ನೋಡುತ್ತಾ ಚೆಂಡು ನೋಡುವುದನ್ನು ಮರೆತರು. ಆದರೂ ನಮ್ಮವರು ಕೆಟ್ಟ ಆಟಗಾರರಲ್ಲ. ನಾಲ್ಕು ಇನ್ನಿಂಗ್ಸ್ ಮುಗಿದಾಗ ಜಹ್ರಾದವರು ನಾಲ್ಕು, ನಾವು ಎರಡು.

ಐದನೆಯದರಲ್ಲಿ ನಮ್ಮವನೊಬ್ಬ ಎರಡನೇ ಬೇಸಿನಲ್ಲಿ ಕಾಯುತ್ತಿದ್ದ. ಬೇಲಿಯಾಚೆಯ ಕಾರಿನ ಗಾಜು ಪೂರ್ತಿ ಇಳಿಯಿತು. ಲೋರ್ನಾಳ ನೂಲಿನ ಉಂಡೆ ಮಡಿಲಿನಿಂದ ಜಾರಿ ಧೂಳಿನಲ್ಲಿ ಉರುಳಿತು. ಅವಳಿಗೆ ಅದು ಗೊತ್ತೇ ಆಗಲಿಲ್ಲ. ಕೂಗು ಕೇಳಿ ತಲೆ ಎತ್ತಿದೆ. ಚೆಂಡು ಮೂರನೇ ಬೇಸಿನ ಹಿಂದೆ ಹುಲ್ಲಿನಲ್ಲಿ, ಹೊಡೆದವನು ಮೊದಲ ಬೇಸಿನಲ್ಲಿ, ನಮ್ಮದೊಂದು ರನ್ ಒಳಗೆ. ನಾನು ‘ಹಿಟ್’ ಎಂದು ಬರೆದೆ. ನಾಲ್ಕು–ಮೂರು.

ಕೊನೆಯ ಇನ್ನಿಂಗ್ಸ್. ನಮ್ಮ ಇಬ್ಬರು ಔಟ್, ಮೂರನೆಯವನೂ ಆದರೆ ಮುಗಿಯಿತು. ನಮ್ಮವರು ಎರಡನೇ ಮತ್ತು ಮೂರನೇ ಬೇಸಿನಲ್ಲಿ ಒಬ್ಬೊಬ್ಬರು. ಒಂದು ಹೊಡೆತ ಸಾಕು, ಏಳನೇ ಗೆಲುವು ನಮ್ಮದು. ಬ್ಯಾಟರ್‌ಗೆ ಎರಡು ಸ್ಟ್ರೈಕ್ ಆದವು, ಇನ್ನೊಂದಾದರೆ ಔಟ್. ಶೆಟ್ರು “ಯಲ್ಲಾ, ಯಲ್ಲಾ” ಎಂದು ಹುರಿದುಂಬಿಸುತ್ತಿದ್ದರು. ನೆಸ್ಟರ್ ಹೆಬ್ಬೆರಳನ್ನು ಪ್ಯಾಂಟಿನ ಹತ್ತಿರ ಒಯ್ದ. ಒಂದು ಸಲ ಒರೆಸಿದ. ನಿಲ್ಲಿಸಿದ. ಒಂದೇ ಸಲ ಒರೆಸಿದರೆ ಏನು ಅರ್ಥ ಎಂದು ನನ್ನ ಪುಸ್ತಕದಲ್ಲಿ ಇರಲಿಲ್ಲ, ಬ್ಯಾಟರ್‌ಗೂ ಗೊತ್ತಿರಲಿಲ್ಲ. ಚೆಂಡು ತೇಲಿ ಬಂತು, ಅಷ್ಟು ಮೆಲ್ಲಗೆ ಎಂದರೆ ಅದರ ಹೊಲಿಗೆ ನನಗೆ ಕಾಣುತ್ತಿತ್ತು. ಬ್ಯಾಟು ಅದಕ್ಕಿಂತ ಬಹಳ ಮೊದಲೇ ಬೀಸಿ ಮುಗಿದಿತ್ತು. ಮೂರನೇ ಸ್ಟ್ರೈಕ್, ಪಂದ್ಯ ಜಹ್ರಾದವರದು.

ಕಾರು ಸದ್ದಿಲ್ಲದೆ ಹೊರಟುಹೋಯಿತು. ಮರುವಾರ ಲೋರ್ನಾ ಬಂದವಳೇ ಇಕಾಮಾದ ಹೊಸ ಮುದ್ರೆಯನ್ನು ನನಗೆ ತೋರಿಸಿ, ಕುರ್ಚಿ ಹಾಕಿಕೊಂಡು ಸೂಜಿ ಎತ್ತಿಕೊಂಡಳು.

ಜನರಲ್ ಮ್ಯಾನೇಜರ್‌ಗೆ ನಾನು ನಿಜವಾದ ಕಾರಣವನ್ನೇ ಬರೆದು ಕೊಟ್ಟೆ. ಶೆಟ್ರು ಅದನ್ನು ಹರಿದು, “ಶಿಸ್ತು ಮತ್ತು ಒಗ್ಗಟ್ಟು” ಎಂದು ತಾವೇ ಬರೆದು ಕಳುಹಿಸಿದರು. ದೊಡ್ಡವರಿಗೆ ಬಹಳ ಮೆಚ್ಚಿಗೆಯಾಯಿತಂತೆ, ಮೈದಾನ ಉಳಿಯಿತು. ರೋನಿಯ ರಜೆಯ ಅರ್ಜಿ ಮಾತ್ರ ಎರಡು ಸಲ ಹಿಂದೆ ಬಂತು. ಉಳಿದ ಪಂದ್ಯಗಳಲ್ಲಿ ಕೆಲವು ಗೆದ್ದೆವು, ಕೆಲವು ಸೋತೆವು. ನಾನು ಅಂಚಿನಲ್ಲಿ ಏನೂ ಬರೆಯಲಿಲ್ಲ.

ಕ್ರೇನ್ ಬರುತ್ತದೆಂದು ಹೆದರಿದ್ದ ಮೈದಾನದಲ್ಲಿ ಆಗಸ್ಟಿನಲ್ಲಿ ಗಡಿ ದಾಟಿ ದಂಡೆತ್ತಿ ಬಂದ ಸೈನ್ಯದ ಟ್ಯಾಂಕ್ ನಿಂತಿತು.

ಆ ದಿನಗಳ ಬಗ್ಗೆ ಬಹಳ ಜನ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಕಂಪೆನಿಯವರೆಲ್ಲ ಸೇರಿ ಒಂದು ಬಸ್ಸು ಮಾಡಿ ಬಾಗ್ದಾದಿನ ದಾರಿಯಾಗಿ ಜೋರ್ಡಾನಿನ ಗಡಿಗೆ ಹೊರಟೆವು. ಆಲ್ಬಮ್ಮು, ಹೊಲಿಗೆಯಂತ್ರ, ಮದುವೆಯ ಪಾತ್ರೆಗಳು ಅಲ್ಲೇ ಉಳಿದವು. ಬಸ್ಸಿನಲ್ಲಿದ್ದವರ ಹೆಸರು ಬರೆಯಲು ಕಾಗದ ಬೇಕಿತ್ತು. ಸ್ಕೋರ್ ಪುಸ್ತಕದ ಹಿಂದೆ ಖಾಲಿ ಪುಟಗಳಿದ್ದವು, ಅದಕ್ಕೆ ಅದು ಬಂತು. ಶೆಟ್ರೂ ಅದೇ ಬಸ್ಸಿನಲ್ಲಿದ್ದರು. ಏಪ್ರಿಲ್‌ನಿಂದ ನನ್ನೊಡನೆ ಮಾತು ಬಿಟ್ಟಿದ್ದವರು, ಮೊದಲ ದಿನ ತಮ್ಮ ಪಾಲಿನ ಖುಬ್ಬೂಸ್ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟು, “ತಿನ್ನಿ ಬಾಯಮ್ಮ, ಉಪ್ಪು ಇಲ್ಲ ಇದ್ರಲ್ಲಿ, ಋಣ ಆಗುದಿಲ್ಲ” ಎಂದರು.

ಗಡಿಯ ಗುಡಾರಗಳಲ್ಲಿ ಎಲ್ಲ ದೇಶದವರೂ ಇದ್ದರು. ಮೂರನೇ ದಿನ ಮಧ್ಯಾಹ್ನ ನೀರಿನ ಟ್ಯಾಂಕರಿನ ಸಾಲಿನಲ್ಲಿ ನಾನು ಪುಸ್ತಕ ಹಿಡಿದು ನಮ್ಮ ಬಸ್ಸಿನವರ ಹೆಸರು ಕೂಗುತ್ತಿದ್ದೆ. ಹಿಂದಿನಿಂದ ಯಾರೋ, “ಮ್ಯಾಮ್, ಸ್ಕೋರ್ ಎಷ್ಟು?” ಎಂದರು. ನೆಸ್ಟರ್. ಪಕ್ಕದಲ್ಲಿ ಲೋರ್ನಾ, ತುಟಿ ಒಡೆದು ರಕ್ತ ಒಣಗಿತ್ತು.

ಏಪ್ರಿಲ್‌ನಿಂದಲ್ಲ, ಟ್ಯಾಂಕ್ ಬಂದ ಮೇಲಿನ ನಾಲ್ಕು ವಾರದಿಂದ ಎದೆಯಲ್ಲಿ ಕೂತಿದ್ದನ್ನು ಹೇಳಿಬಿಟ್ಟೆ. “ನಾನು ಅವತ್ತು ಬಾಯಿ ಮುಚ್ಚಿಕೊಂಡಿದ್ದರೆ ನೀನು ಏಪ್ರಿಲ್‌ನಲ್ಲೇ ಊರಲ್ಲಿ ಇರುತ್ತಿದ್ದೆ.”

ಅವನು ಏನೋ ಹೇಳಲು ಹೊರಟ. ಲೋರ್ನಾ ಮೊದಲು ಹೇಳಿದಳು. “ಹೌದು ಮ್ಯಾಮ್. ಮತ್ತು ನಾನು ಈ ಸಾಲಿನಲ್ಲಿ ಒಬ್ಬಳೇ ಇರುತ್ತಿದ್ದೆ.”

ನೆಸ್ಟರ್ ಪುಸ್ತಕ ಕೇಳಿದ. ಅಲ್ಲೇ ಬಿಸಿಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಏಳನೇ ಪಂದ್ಯದ ಪುಟ ತೆಗೆದ. ಸಾಲು ಮುಂದೆ ಹೋಯಿತು, ಅವನು ಏಳಲಿಲ್ಲ. ಆಮೇಲೆ ಬೆರಳಿಟ್ಟು ತೋರಿಸಿದ. “ಐದನೇ ಇನ್ನಿಂಗ್ಸ್. ಇದು ಹಿಟ್ ಅಲ್ಲ. ನಮ್ಮವನ ಎದೆಗೆ ಬಡಿದು ಹಾರಿದ್ದು. ಎರರ್. ಆ ರನ್ ನನ್ನದಲ್ಲ. ಅವತ್ತು ಗೆದ್ದ ಗಡಿಬಿಡಿಯಲ್ಲಿ ಓದದೆ ಸಹಿ ಹಾಕಿದೆ.”

ಎರಡು ದಿನದಿಂದ ಸರಿಯಾಗಿ ನೀರಿಲ್ಲ, ಮತ್ತು ಈ ಮನುಷ್ಯ ಒಂದು ರನ್ನಿಗೆ ಜಗಳ ಮಾಡುತ್ತಿದ್ದಾನೆ. ಆಟಗಾರರು ಹೀಗೇ.

“ನಾನು ನೋಡಲಿಲ್ಲ” ಎಂದೆ. “ಆ ಹೊತ್ತಿಗೆ ನಿನ್ನ ಹೆಂಡತಿಯ ನೂಲಿನ ಉಂಡೆ ನೋಡುತ್ತಿದ್ದೆ. ನೋಡದೆ ಬರೆದೆ.”

ಆರು ಪಂದ್ಯಗಳ ತಪ್ಪನ್ನು ಎಲ್ಲರೆದುರು ಒಪ್ಪಿಕೊಂಡು ಹಗುರಾದವಳು, ಅದೇ ದಿನ ಮಾಡಿದ ಈ ತಪ್ಪನ್ನು ಯಾರಿಗೂ ಹೇಳಿರಲಿಲ್ಲ. ಹುಡುಗಿಯರೇ, ಸ್ಕೋರರ್ ಮಾಡಬಹುದಾದ ದೊಡ್ಡ ತಪ್ಪು ಇದೇ: ಕಣ್ಣಿಗೆ ಬಿದ್ದದ್ದನ್ನು ಬರೆಯುವುದಲ್ಲ, ಬೀಳದ್ದನ್ನು ಬರೆಯುವುದು.

ಪೆನ್ಸಿಲ್ ಮೊಂಡಾಗಿತ್ತು, ಕಲ್ಲಿಗೆ ಉಜ್ಜಿದೆ. ‘ಹಿಟ್’ ಮೇಲೆ ಒಂದು ಗೆರೆ, ಕೆಳಗಿದ್ದದ್ದು ಓದುವ ಹಾಗೆ. ಪಕ್ಕದಲ್ಲಿ ‘ಎರರ್’. ಸಹಿ ಎರಡೂ ಕಡೆಯದ್ದು ಬೇಕು. ಶೆಟ್ರನ್ನು ಕರೆದೆ. ಎರಡು ಕೈಯಲ್ಲೂ ನೀರಿನ ಡಬ್ಬ ಹಿಡಿದು ಬಂದವರು ಪುಟ ನೋಡಿ, ನನ್ನ ಮುಖ ನೋಡಿದರು.

“ಇಲ್ಲಿಯೂ ನಮ್ಮ ಟೀಮಿಗೇ ಪೆಟ್ಟಾ ಬಾಯಮ್ಮ?” ಎಂದು ಡಬ್ಬ ಕೆಳಗಿಟ್ಟರು. “ಕೊಡಿ, ಕೊಡಿ. ಹೇಗೂ ಸೋತದ್ದು.” ಸಹಿ ಹಾಕಿ ಪೆನ್ಸಿಲನ್ನು ನೆಸ್ಟರ್‌ಗೆ ಕೊಟ್ಟರು.

ಅವನು ಪೆನ್ಸಿಲ್ ಹಿಡಿಯುವ ಮೊದಲು ಹೆಬ್ಬೆರಳನ್ನು ಪ್ಯಾಂಟಿಗೆ ಎರಡು ಸಲ ಒರೆಸಿದ. ನಾನು ಅದನ್ನು ನೋಡಿದೆ. ಎಲ್ಲೂ ಬರೆಯಲಿಲ್ಲ.